ಪ್ರತಿಕ್ರಿಯೆ: ವೈವಾ ಎಂಗೇಜ್‌ನಿಂದ ಲಾಭ ತೋರಿಸೋದು ಹೇಗೆ?

ನಮಸ್ಕಾರ. 300 ಜನರ ಕಂಪನಿಗೆ ವೈವಾ ಎಂಗೇಜ್ (ಕಂಪನಿಯ ಒಳಗಿನವರು ಗುಂಪುಗಳಲ್ಲಿ ಮಾತಾಡಿಕೊಳ್ಳುವ ಮೈಕ್ರೋಸಾಫ್ಟ್‌ನ ಸಾಧನ) ತಂದು ಆರು ತಿಂಗಳಾಯಿತು, ಹುಟ್ಟುಹಬ್ಬದ ಶುಭಾಶಯ ಬಿಟ್ಟು ಬೇರೇನೂ ಬರುತ್ತಿಲ್ಲ, ಎಂಡಿ ಲಾಭ ಕೇಳುತ್ತಿದ್ದಾರೆ ಅಂದಿರಿ.

ಎಷ್ಟು ಜನ ಲಾಗಿನ್ ಆದರು, ಎಷ್ಟು ಲೈಕ್ ಬಂತು ಅನ್ನೋ ಲೆಕ್ಕ ದಯವಿಟ್ಟು ಒಯ್ಯಬೇಡಿ. ಈಗ ಜಾಸ್ತಿ ತೊಂದರೆ ಕೊಡುತ್ತಿರುವ ಒಂದೇ ಒಂದು ಕೆಲಸ ಹಿಡಿಯಿರಿ. ನಿಮ್ಮ ಸರ್ವೀಸ್ ಇಂಜಿನಿಯರ್‌ಗಳು ಮಷೀನ್ ಮುಂದೆ ನಿಂತು ನಾಲ್ಕು ಜನರಿಗೆ ಫೋನ್ ಮಾಡುತ್ತಾರೆ ಅಲ್ವಾ? ಆ ಪ್ರಶ್ನೆಗಳೆಲ್ಲ ಒಂದೇ ಗುಂಪಿಗೆ ಬರಲಿ. ಅದಕ್ಕೂ ಮುಂಚೆ ಎರಡು ವಾರ ಬರೆದಿಡಿ: ಉತ್ತರ ಸಿಗಲು ಎಷ್ಟು ಹೊತ್ತಾಯಿತು, ಗ್ರಾಹಕರ ಹತ್ತಿರ ಎಷ್ಟು ಸಲ ಮತ್ತೆ ಹೋಗಬೇಕಾಯಿತು. ಮೂರು ತಿಂಗಳ ಮೇಲೆ ಮತ್ತೆ ಅಳೆಯಿರಿ. ಓಡಾಟದಲ್ಲಿ ಉಳಿತಾಯವಾದ ಖರ್ಚನ್ನು ಎಂಡಿ ಮುಂದೆ ಇಡಿ.

ಕಚೇರಿಗಳಲ್ಲಿ ಮಾತುಕತೆಗೆ ಬಳಸುವ ಸ್ಲ್ಯಾಕ್ ಆ್ಯಪ್ ಕೂಡ ಹೀಗೆ ಕೆಲಸದಿಂದಲೇ ಹುಟ್ಟಿದ್ದು. ಗ್ಲಿಚ್ ಎಂಬ ಆಟ ಕಟ್ಟುತ್ತಿದ್ದ ತಂಡ ತಮ್ಮೊಳಗಿನ ಮಾತುಕತೆಗೆ ಅದನ್ನು ಮಾಡಿಕೊಂಡಿತ್ತು. 2012ರಲ್ಲಿ ಆಟ ನಿಂತಿತು, ಸಾಧನ ಉಳಿಯಿತು.

ಹಿರಿಯರು ಗುಂಪಿನಲ್ಲೇ ಉತ್ತರ ಕೊಡಬೇಕು, ಅದೂ ಪ್ರೀತಿಯಿಂದ. ನಾನು ಮೊದಲು ಇದ್ದ ಕಡೆ ಒಬ್ಬ ಹುಡುಗ ಕೇಳಿದ ಪ್ರಶ್ನೆಗೆ ಮ್ಯಾನೇಜರ್ ‘ಇಷ್ಟೂ ಗೊತ್ತಿಲ್ವಾ?’ ಎಂದು ಬರೆದರು. ಆ ಹುಡುಗ ಮತ್ತೆ ಕೇಳಲೇ ಇಲ್ಲ. ನನಗೆ ಇವತ್ತಿಗೂ ಬೇಜಾರಿದೆ.

ಶುಭಾಶಯಗಳನ್ನು ಸುಮ್ನೆ ನಿಲ್ಲಿಸಬೇಡಿ, ಬೇರೆ ಗುಂಪಿಗೆ ಹಾಕಿ.

ಇನ್ನೊಂದು. ಒಳ್ಳೆಯ ಉತ್ತರಗಳ ಪ್ರತಿಯನ್ನು ವೈವಾ ಎಂಗೇಜ್‌ನ ಹೊರಗೂ ಇಡಿ. ಫೇಸ್‌ಬುಕ್‌ನ ಒಡೆತನದ ಮೆಟಾ ಕಂಪನಿ ವರ್ಕ್‌ಪ್ಲೇಸ್ ಎಂಬ ತನ್ನ ಇಂಥದೇ ಸಾಧನವನ್ನು ಮುಚ್ಚುವುದಾಗಿ 2024ರಲ್ಲಿ ಹೇಳಿದಾಗ ಅದನ್ನು ಬಳಸುತ್ತಿದ್ದ ಕಂಪನಿಗಳೆಲ್ಲ ಬೇರೆ ಜಾಗ ಹುಡುಕಬೇಕಾಯಿತು.