ಎಲ್ಡನ್ ರಿಂಗ್‌ನಲ್ಲಿ ಹೊಸಬರಿಗೆ ಯಾವ ಬಿಲ್ಡ್? ನನ್ನ ಇನ್ನೂರು ಪೇಜಿನ ನೋಟ್‌ಬುಕ್ ಕಥೆ ಕೇಳಿ

ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೀರಿ, ಗೇಮ್ ಇನ್ನೂ ಶುರುವೇ ಮಾಡಿಲ್ಲ, ಆದರೆ ಲೆವೆಲ್ 150ರ ತನಕ ಬಿಲ್ಡ್, ಅಂದರೆ ಕ್ಯಾರೆಕ್ಟರ್‌ನ ಯಾವ ಗುಣಕ್ಕೆ ಎಷ್ಟು ಪಾಯಿಂಟ್ ಎಂಬ ಪ್ಲಾನ್, ಎಕ್ಸೆಲ್ ಶೀಟ್‌ನಲ್ಲಿ ರೆಡಿ. ಶುರುವಿಗೆ ಯಾವ ಕ್ಲಾಸ್, ಕತ್ತಿ ಹಿಡಿದ ಸಮುರಾಯ್ ತೆಗೆದುಕೊಳ್ಳಲಾ, ಮಂತ್ರ ಹಾಕುವ ಆಸ್ಟ್ರಾಲಜರ್ ತೆಗೆದುಕೊಳ್ಳಲಾ ಎಂದು ಕೇಳಿದ್ದೀರಿ. ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಸಂಕಟವೂ ಆಯಿತು. ನನ್ನದು ಎಕ್ಸೆಲ್ ಅಲ್ಲ, ಇನ್ನೂರು ಪೇಜಿನ ರೂಲ್ಡ್ ನೋಟ್‌ಬುಕ್. ವ್ಯತ್ಯಾಸ ಅಷ್ಟೇ.

ನಾನು ಮೈಸೂರಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಎಲೆಕ್ಷನ್ ಬಂದರೆ ಕರಪತ್ರ. ಈ ಕೆಲಸದಲ್ಲಿ ಒಂದು ಭಯ ಮೈಗೆ ಹತ್ತಿಬಿಡುತ್ತದೆ. ಪ್ರಿಂಟಿಂಗ್ ಪ್ಲೇಟ್ ಆದಮೇಲೆ ತಪ್ಪು ಸಿಕ್ಕರೆ ಮುಗಿಯಿತು. ಹುಡುಗಿ ಹೆಸರಿನಲ್ಲಿ ಒಂದು ಒತ್ತು ಬಿಟ್ಟುಹೋದರೆ ಐನೂರು ಕಾರ್ಡು ರದ್ದಿಗೆ. ಹಾಗಾಗಿ ಮೂರು ಸಲ ಪ್ರೂಫ್ ನೋಡದೆ ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ. ಎಲ್ಡನ್ ರಿಂಗ್ ಬಂದಿದ್ದು 2022ರ ಫೆಬ್ರುವರಿಯಲ್ಲಿ. ನಾನು ಕೊಂಡಿದ್ದು ಆ ವರ್ಷದ ಆಷಾಢದಲ್ಲಿ. ಆಷಾಢದಲ್ಲಿ ಮದುವೆ ಇರಲ್ಲ, ಕಾರ್ಡಿನ ಕೆಲಸವೂ ಇರಲ್ಲ. ರಾತ್ರಿಯೆಲ್ಲ ನನ್ನದೇ. ಗೇಮ್ ಡೌನ್‌ಲೋಡ್ ಆಗುವಷ್ಟರಲ್ಲಿ ನೋಟ್‌ಬುಕ್‌ನ ಹನ್ನೊಂದು ಪೇಜು ತುಂಬಿಸಿದ್ದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಶೀಟ್‌ನಲ್ಲೂ ಇದೇ ಇರುತ್ತದೆ ಎಂದು ನನಗೆ ಗ್ಯಾರಂಟಿ.

ಯೂಟ್ಯೂಬ್‌ನಲ್ಲಿ ಮೂನ್‌ವೇಲ್ ಎಂಬ ಕತ್ತಿ ನೋಡಿದ್ದೆ. ಒರೆಯಿಂದ ಎಳೆದು ಬೀಸಿದರೆ ನೀಲಿ ಬೆಳಕು ಅಲೆಯ ಹಾಗೆ ಹೋಗಿ ದೂರ ನಿಂತವನಿಗೂ ಹೊಡೆಯುತ್ತದೆ. ಅದೇ ಬೇಕು ಎಂದು ತೀರ್ಮಾನಿಸಿದೆ. ಅದನ್ನು ಸರಿಯಾಗಿ ಬಳಸಲು ಸ್ಟ್ರೆಂತ್ (ಬಲ) 12, ಡೆಕ್ಸ್ಟೆರಿಟಿ (ಚುರುಕು) 18, ಇಂಟೆಲಿಜೆನ್ಸ್ (ಮಂತ್ರಕ್ಕೆ ಬೇಕಾದ ಬುದ್ಧಿ) 23 ಬೇಕು. ಸಮುರಾಯ್ ಶುರುವಾಗುವುದು ಲೆವೆಲ್ 9ರಲ್ಲಿ. ಸ್ಟ್ರೆಂತ್ 12 ಆಗಲೇ ಇರುತ್ತದೆ, ಡೆಕ್ಸ್ಟೆರಿಟಿ 15, ಇಂಟೆಲಿಜೆನ್ಸ್ ಬರೀ 9. ಅಲ್ಲಿ 3, ಇಲ್ಲಿ 14, ಒಟ್ಟು 17. ಒಂದು ಲೆವೆಲ್‌ಗೆ ಒಂದೇ ಪಾಯಿಂಟ್ ಸಿಗುವುದು. ಹಾಗಾದರೆ ಲೆವೆಲ್ 26ಕ್ಕೆ ಕತ್ತಿಗೆ ನಾನು ರೆಡಿ. ಕೆಂಪು ಇಂಕಿನಲ್ಲಿ ಅಡಿಗೆರೆ ಎಳೆದೆ. ಲೆಕ್ಕ ಪಕ್ಕಾ ಇತ್ತು, ಅದರಲ್ಲಿ ತಪ್ಪಿಲ್ಲ.

ತಪ್ಪಿದ್ದದ್ದು ಲೆಕ್ಕದ ಹೊರಗೆ. ಆ 17 ಲೆವೆಲ್ ಏರುವಷ್ಟು ದಿನ ನನ್ನ ಕೈಯಲ್ಲಿದ್ದದ್ದು ಮೂನ್‌ವೇಲ್ ಅಲ್ಲ, ಸಮುರಾಯ್‌ಗೆ ಮೊದಲೇ ಕೊಡುವ ಉಚಿಗತಾನಾ. ಅದರ ಹೊಡೆತ ಜಾಸ್ತಿಯಾಗುವುದು ಸ್ಟ್ರೆಂತ್ ಮತ್ತು ಡೆಕ್ಸ್ಟೆರಿಟಿಯಿಂದ. ಇಂಟೆಲಿಜೆನ್ಸ್‌ಗೆ ನಾನು ಸುರಿದ 14 ಪಾಯಿಂಟ್‌ನಿಂದ ಅದಕ್ಕೆ ಕಾಸಿನಷ್ಟೂ ಉಪಯೋಗವಿಲ್ಲ. ಇನ್ನೂ ಕೊಂಡೇ ಇಲ್ಲದ ಬೈಕಿಗೆ ತಿಂಗಳು ತಿಂಗಳು ಪೆಟ್ರೋಲ್ ತುಂಬಿಸಿಟ್ಟುಕೊಂಡ ಹಾಗೆ.

ವಿಗರ್ ಮುಟ್ಟಲೇ ಇಲ್ಲ. ವಿಗರ್ ಎಂದರೆ ಜೀವ. ಸಮುರಾಯ್‌ಗೆ ಅದು 12 ಇರುತ್ತದೆ, ಎಚ್‌ಪಿ (ಎಷ್ಟು ಏಟು ತಾಳಬಹುದು ಎಂಬ ಅಂಕಿ) 455. ಒಂದೇ ಒಂದು ಸಲ ಒಂದು ಪಾಯಿಂಟ್ ಹಾಕಿ ನೋಡಿದೆ. ಇಪ್ಪತ್ತು ಚಿಲ್ಲರೆ ಜಾಸ್ತಿಯಾಗುತ್ತದೆ ಎಂದು ತೋರಿಸಿತು. ಇಷ್ಟಕ್ಕೆ ಒಂದು ಲೆವೆಲ್ ಯಾಕೆ ಸುಡಲಿ ಎಂದುಕೊಂಡು ವಾಪಸ್ ಬಂದೆ. ಇಲ್ಲಿಯೇ ಈ ಗೇಮ್ ಹೊಸಬರನ್ನು ಯಾಮಾರಿಸುವುದು. ವಿಗರ್ ಮೇಲೆ ಹೋದಷ್ಟೂ ಒಂದು ಪಾಯಿಂಟ್‌ಗೆ ಸಿಗುವ ಎಚ್‌ಪಿ ಏರುತ್ತದೆ. 25ಕ್ಕೆ ಎಚ್‌ಪಿ 800. 40ಕ್ಕೆ 1450. ನಡುವಿನ ಆ 15 ಪಾಯಿಂಟ್‌ಗೆ 650, ಅಂದರೆ ಒಂದಕ್ಕೆ ಸುಮಾರು 43. 40 ದಾಟಿದ ಮೇಲೆ ಮತ್ತೆ ಇಳಿಯುತ್ತದೆ, 60ಕ್ಕೆ 1900. ನಾನು ಕೆಳಗಿನ ಮೆಟ್ಟಿಲಲ್ಲಿ ನಿಂತು ಏಣಿಯೇ ದಂಡ ಎಂದು ತೀರ್ಪು ಕೊಟ್ಟಿದ್ದೆ.

ಇನ್ನೂ ಇದೆ. ಆಯುಧ ಬಲಪಡಿಸುವ ಸ್ಮಿಥಿಂಗ್ ಸ್ಟೋನ್ ಎಂಬ ಕಲ್ಲು ಆಟ ಶುರುವಾಗುವ ಲಿಮ್‌ಗ್ರೇವ್‌ನಲ್ಲೇ ಸಿಗುತ್ತಿತ್ತು. 2, 4, 6 ಎಂದು 12 ಕಲ್ಲು ಹಾಕಿದ್ದರೆ ಉಚಿಗತಾನಾ ಮೂರು ಹಂತ ಏರಿ +3 ಆಗುತ್ತಿತ್ತು. ಹಾಕಲಿಲ್ಲ. ಹೇಗೂ ಬಿಸಾಡುವ ಕತ್ತಿ, ಕಲ್ಲು ಮೂನ್‌ವೇಲ್‌ಗೆ ಇರಲಿ ಎಂದು ಕೂಡಿಟ್ಟೆ.

ಈ ಅವತಾರದಲ್ಲಿ ಕೇಲಿಡ್ ಎಂಬ ಪ್ರದೇಶಕ್ಕೆ ಹೋದೆ. ಮೂನ್‌ವೇಲ್ ಇರುವುದು ಅಲ್ಲಿನ ಗೇಲ್ ಸುರಂಗದಲ್ಲಿ. ಮ್ಯಾಗ್ಮಾ ವರ್ಮ್ ಎಂಬ ಬೆಂಕಿ ಉಗುಳುವ ದೊಡ್ಡ ಹಲ್ಲಿಯನ್ನು ಕೊಂದರೆ ಮಾತ್ರ ಅದು ಸಿಗುವುದು. ಲೆವೆಲ್ 26, ಎಚ್‌ಪಿ 455, ಕತ್ತಿ +0. ಆ ಹಲ್ಲಿ ಒಂದು ಸಲ ತನ್ನ ಕತ್ತಿ ಬೀಸಿದರೆ ನಾನು ಇಲ್ಲ. ಲಾವಾ ಉಗುಳಿದರೆ ನಾನು ಇಲ್ಲ. ಆಷಾಢ ಕಳೆದು ಶ್ರಾವಣ ಬಂತು, ಕಾರ್ಡಿನ ಕೆಲಸ ಶುರುವಾಯಿತು, ನಾನು ಮಾತ್ರ ಸುರಂಗದಿಂದ ಹೊರಗೆ ಬರಲಿಲ್ಲ. ಹತ್ತೊಂಬತ್ತು ರಾತ್ರಿ. ಕೊನೆಗೆ ಒಂದು ಭಾನುವಾರ ಅದು ಸತ್ತಿತು. ಕೂಗಿಕೊಂಡೆ. ಒಳಗಿನಿಂದ ಹೆಂಡತಿ ಎದ್ದು ಬಂದು ಲೈಟ್ ಹಾಕಿ, ನೋಡಿ, ಲೈಟ್ ಆರಿಸಿ ಹೋದಳು.

ಕತ್ತಿ ಹಿಡಿದುಕೊಂಡು ಕಮ್ಮಾರ ಹ್ಯೂಗ್ ಹತ್ತಿರ ಓಡಿದೆ, ಕೂಡಿಟ್ಟ ಕಲ್ಲೆಲ್ಲ ಸುರಿಯೋಣ ಎಂದು. ಆಗಲಿಲ್ಲ. ಮೂನ್‌ವೇಲ್‌ಗೆ ಆ ಕಲ್ಲು ನಡೆಯುವುದೇ ಇಲ್ಲ. ಅದಕ್ಕೆ ಬೇರೆ ಜಾತಿ ಕಲ್ಲು ಬೇಕು, ಸಾಂಬರ್ ಸ್ಮಿಥಿಂಗ್ ಸ್ಟೋನ್ (ಇಡ್ಲಿಗೆ ಹಾಕಿಕೊಳ್ಳುವ ಸಾಂಬಾರ್ ಅಲ್ಲ). ಸಾಮಾನ್ಯ ಆಯುಧ +25ರ ತನಕ ಮಾಮೂಲಿ ಕಲ್ಲಿನಲ್ಲಿ ಏರುತ್ತದೆ, ಇಂಥ ವಿಶೇಷ ಆಯುಧ ಸಾಂಬರ್ ಕಲ್ಲಿನಲ್ಲಿ +10ರ ತನಕ. ಹನ್ನೊಂದು ಪೇಜು ಪ್ಲಾನ್‌ನಲ್ಲಿ ಈ ಒಂದು ಸಾಲು ಇರಲಿಲ್ಲ. ಕೂಡಿಟ್ಟಿದ್ದಷ್ಟೂ ಆ ಉಚಿಗತಾನಾಗೇ ಹಾಕಬಹುದಾಗಿದ್ದ ಕಲ್ಲು.

ಅಲ್ಲಿಂದ ಸ್ಟಾರ್ಮ್‌ವೇಲ್ ಕೋಟೆ ಬಾಗಿಲಿಗೆ ಹೋದೆ. ಅಲ್ಲಿ ದಾರಿ ಕಾಯುವ ಬಾಸ್ ಮಾರ್ಗಿಟ್ ಕೋಲು ಎತ್ತಿದ. ಎರಡು ಏಟು. ಕತ್ತಿ ಎಷ್ಟು ಚೆನ್ನಾಗಿದ್ದರೇನು, ಬೀಸಲು ಆಸಾಮಿ ಬದುಕಿರಬೇಕಲ್ವಾ? ಕಂಪ್ಯೂಟರ್ ಮುಚ್ಚಿದೆ. ಒಂದು ತಿಂಗಳು ಆ ಕಡೆ ತಿರುಗಿ ನೋಡಲಿಲ್ಲ.

ದಸರಾಕ್ಕೆ ಪಾಂಡವಪುರದಿಂದ ಬಾಮೈದ ಬಂದ. ಇಬ್ಬರೂ ದೊಡ್ಡಕೆರೆ ಮೈದಾನದಲ್ಲಿ ನಾಡಕುಸ್ತಿ ನೋಡಿಕೊಂಡು ಮನೆಗೆ ಬಂದೆವು. ಊಟ ಆದಮೇಲೆ ಗೇಮ್ ತೋರಿಸಿ ಎಂದ. ನನ್ನ ಸಮುರಾಯ್‌ನ ಸ್ಟೇಟಸ್ ಪೇಜ್ ತೆಗೆದು ಹೆಮ್ಮೆಯಿಂದ ಮೂನ್‌ವೇಲ್ ತೋರಿಸಿದೆ. ಅವನು ಕತ್ತಿ ಬಿಟ್ಟು ಎಚ್‌ಪಿ ನೋಡಿದ.

"ಭಾವ, ನಿಮ್ಮ ಪೈಲ್ವಾನ್‌ಗೆ ಹಿಟ್ಟೇ ಇಕ್ಕಿಲ್ವಲ್ಲ!"

ಆಮೇಲೆ ತನ್ನದೇ ಒಂದು ಕ್ಯಾರೆಕ್ಟರ್ ಶುರು ಮಾಡಿದ. ವ್ಯಾಗಬಾಂಡ್. ಯಾಕೆ ಎಂದರೆ "ಇವನ ಮೈಮೇಲೆ ಬಟ್ಟೆ ಜಾಸ್ತಿ ಇದೆ." ಪ್ಲಾನ್ ಇಲ್ಲ, ವಿಡಿಯೋ ನೋಡಲಿಲ್ಲ. ಯಾವ ಶತ್ರುವಾದರೂ ಅವನನ್ನು ಒಂದೇ ಏಟಿಗೆ ಕೊಂದರೆ ಮುಂದಿನ ಪಾಯಿಂಟ್ ವಿಗರ್‌ಗೆ. ಕತ್ತಿ ಸಾಲದು ಎನಿಸಿದರೆ ಸ್ಟ್ರೆಂತ್‌ಗೆ. ಸಿಕ್ಕ ಕಲ್ಲನ್ನೆಲ್ಲ ಮೊದಲು ಸಿಗುವ ಚರ್ಚ್ ಆಫ್ ಎಲ್ಲೇಯ ಕಮ್ಮಾರಿಕೆ ಮೇಜಿನಲ್ಲೇ ಹಾಕಿ ಶುರುವಿನಲ್ಲಿ ಕೊಟ್ಟ ಲಾಂಗ್ ಸ್ವೋರ್ಡ್ ಅನ್ನು +3 ಮಾಡಿದ. ವಿಜಯದಶಮಿಯ ಹಿಂದಿನ ರಾತ್ರಿ ಮಾರ್ಗಿಟ್ ಎದುರು ನಿಂತಾಗ ಅವನ ಲೆವೆಲ್ 23. ನನಗಿಂತ ಮೂರು ಕಮ್ಮಿ. ವಿಗರ್ 25, ಎಚ್‌ಪಿ 800. ಆರನೇ ಸಲಕ್ಕೆ ಹೊಡೆದ. ಅವನಿಗೆ ಗೇಮ್ ಆಡುವುದರಲ್ಲಿ ಅಂಥ ಕೈಚಳಕವೇನೂ ಇಲ್ಲ. ಏಟು ತಿಂದು, ಹಿಂದೆ ಸರಿದು, ಔಷಧಿ ಕುಡಿದು, ಮತ್ತೆ ಹೋಗುವಷ್ಟು ಜೀವ ಇತ್ತು. ಹಾಗಾಗಿ ಮಾರ್ಗಿಟ್ ಯಾವಾಗ ಕೋಲು ಎತ್ತಿ ತಡೆದು ಹೊಡೆಯುತ್ತಾನೆ ಎಂದು ಕಲಿಯಲು ಅವನಿಗೆ ಟೈಮ್ ಸಿಕ್ಕಿತು. ಎರಡೇಟಿಗೆ ಸಾಯುವವನು ಏನು ಕಲಿಯುತ್ತಾನೆ?

ಆ ರಾತ್ರಿಯೇ ನನ್ನ ಸಮುರಾಯ್ ಅನ್ನು ಡಿಲೀಟ್ ಮಾಡಿದೆ. ಅದೂ ಬೇಕಿರಲಿಲ್ಲ. ರಾಯಾ ಲುಕಾರಿಯಾ ಎಂಬ ಮಂತ್ರವಿದ್ಯೆಯ ಶಾಲೆಯಲ್ಲಿ ರೆನ್ನಾಲಾ ಎಂಬ ಬಾಸ್ ಅನ್ನು ಗೆದ್ದ ಮೇಲೆ, ಅವಳಿಗೆ ಲಾರ್ವಲ್ ಟಿಯರ್ ಎಂಬ ವಸ್ತು ಒಂದು ಕೊಟ್ಟರೆ, ಹಾಕಿದ ಪಾಯಿಂಟ್‌ಗಳನ್ನೆಲ್ಲ ವಾಪಸ್ ತೆಗೆದು ಹೊಸದಾಗಿ ಹಂಚಿಕೊಳ್ಳಬಹುದು. ಕ್ಲಾಸ್‌ಗೆ ಮೊದಲು ಕೊಟ್ಟ ಅಂಕಿಗಿಂತ ಕೆಳಗೆ ಇಳಿಸಲು ಆಗುವುದಿಲ್ಲ, ಅಷ್ಟೇ. ಒಂದು ಆಟದಲ್ಲಿ ಲಾರ್ವಲ್ ಟಿಯರ್ ಲೆಕ್ಕದಷ್ಟೇ ಸಿಗುತ್ತವೆ, ಆದರೂ ಹೊಸಬರಿಗೆ ಧಾರಾಳ ಸಾಕು. ಪ್ಲೇಟ್ ಆದಮೇಲೂ ತಿದ್ದಲು ಬಿಡುವ ಪ್ರೆಸ್ ಇದು. ನನಗೆ ಗೊತ್ತಿರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಕ್ಲಾಸ್ ಎಂದರೆ ನಿಮ್ಮ ಇಂಜಿನಿಯರಿಂಗ್ ಬ್ರಾಂಚ್ ಅಲ್ಲ. ಸಿವಿಲ್ ಸೇರಿದವನು ನಾಲ್ಕು ವರ್ಷ ಸಿವಿಲ್ಲೇ, ಇಲ್ಲಿ ಹಾಗಿಲ್ಲ. ಹತ್ತರಲ್ಲಿ ಯಾವುದನ್ನು ತೆಗೆದುಕೊಂಡರೂ ಎಂಟು ಗುಣಗಳಲ್ಲಿ ಯಾವುದನ್ನು ಬೇಕಾದರೂ ಏರಿಸಬಹುದು. ಶುರುವಿನ ವ್ಯತ್ಯಾಸ ನಾಲ್ಕಾರು ಪಾಯಿಂಟ್, ಕೈಯಲ್ಲಿರುವ ಸಾಮಾನು, ಅಷ್ಟೇ. ಆದರೂ ಒಂದು ಹೆಸರು ಹೇಳಲೇಬೇಕು ಎಂದರೆ ವ್ಯಾಗಬಾಂಡ್. ವಿಗರ್ 15 ಇರುತ್ತದೆ, ಗುರಾಣಿ ಸಾದಾ ಕತ್ತಿಯ ಏಟನ್ನು ನೂರಕ್ಕೆ ನೂರು ತಡೆಯುತ್ತದೆ. ಆಸ್ಟ್ರಾಲಜರ್ ಕೆಟ್ಟದ್ದಲ್ಲ, ದೂರದಿಂದ ಹೊಡೆಯಬಹುದು, ಆದರೆ ವಿಗರ್ 9ರಲ್ಲಿ ಶುರು. ಅದನ್ನೇ ತೆಗೆದುಕೊಂಡರೆ ನನ್ನ ಕಥೆಯನ್ನು ಇನ್ನೊಂದು ಸಲ ಓದಿ. ರೆಚ್ ಮಾತ್ರ ಬೇಡ. ಲೆವೆಲ್ 1, ಎಲ್ಲವೂ 10, ಕೈಯಲ್ಲಿ ಒಂದು ದೊಣ್ಣೆ, ಮೈಮೇಲೆ ಬಟ್ಟೆಯಿಲ್ಲ. ಫ್ರೆಂಡ್ಸ್ ಮುಂದೆ ಜಂಬ ಕೊಚ್ಚಿಕೊಳ್ಳಲು ಸರಿ.

ಮಾರ್ಗಿಟ್‌ಗೆ ಮುಂಚೆ ವಿಗರ್ 20 ದಾಟಲಿ. ಕೋಟೆ ಮುಗಿಯುವಷ್ಟರಲ್ಲಿ 25. ಆಟದ ಅರ್ಧಕ್ಕೆ 40. ಇಂದು ಕೈಯಲ್ಲಿರುವ ಕತ್ತಿಗೆ ಇಂದೇ ಕಲ್ಲು ಹಾಕಿ, ನಾಳಿನ ಕತ್ತಿಗೆ ಕೂಡಿಡಬೇಡಿ. ಕತ್ತಿಯನ್ನು ಎರಡು ಕೈಯಲ್ಲಿ ಹಿಡಿದರೆ ಸ್ಟ್ರೆಂತ್ ಒಂದೂವರೆ ಪಟ್ಟು ಎಂದು ಲೆಕ್ಕ, ಇದು ನಿಮ್ಮ ಶೀಟ್‌ನಲ್ಲಿ ಇದೆಯಾ? ಹೊತ್ತ ಭಾರ ಮಿತಿಯ 70% ಒಳಗಿರಲಿ, ಮೀರಿದರೆ ಏಟು ತಪ್ಪಿಸಲು ಉರುಳುವಾಗ ಮೂಟೆ ಬಿದ್ದ ಹಾಗೆ ಬೀಳುತ್ತೀರಿ. ಟಾರೆಂಟ್ ಕುದುರೆ ಸಿಕ್ಕ ಮೇಲೆ ರಾತ್ರಿ ಹೊತ್ತು ಚರ್ಚ್ ಆಫ್ ಎಲ್ಲೇಗೆ ವಾಪಸ್ ಹೋಗಿ, ಅಲ್ಲಿ ರೆನ್ನಾ ಎಂಬ ಮಾಟಗಾತಿ ಒಂದು ಗಂಟೆ ಕೊಡುತ್ತಾಳೆ, ಅದರಿಂದ ಕರೆದರೆ ನಿಮ್ಮ ಪರ ಹೋರಾಡುವ ತೋಳಗಳನ್ನೂ ಕೊಡುತ್ತಾಳೆ. ನಾಚಿಕೆ ಬಿಟ್ಟು ಬಳಸಿ.

ನನ್ನ ನೋಟ್‌ಬುಕ್ ಈಗ ಮನೆಯಲ್ಲಿ ಹಾಲಿನ ಲೆಕ್ಕಕ್ಕೆ ಇದೆ. ನೀವು ಇವತ್ತು ರಾತ್ರಿಯೇ ಶುರು ಮಾಡಿ. ಮಾರ್ಗಿಟ್ ಎದುರು ಮೊದಲ ಸಲ ನಿಂತಾಗ ವಿಗರ್ ಎಷ್ಟಿತ್ತು ಎಂದು ನನಗೆ ತಿಳಿಸಿ. ಶೀಟ್ ಮಾತ್ರ ಕಳಿಸಬೇಡಿ, ನೋಡಿದರೆ ನಾನು ಪ್ರೂಫ್ ತಿದ್ದಲು ಕೂತುಬಿಡುತ್ತೇನೆ.