ಮುತ್ತಿಗೆಯ ನಡುವೆ ಬರೆದ ಕ್ರಯಪತ್ರ

ಪ್ರಶ್ನೆ: ದೇವರು ಕೊಟ್ಟ ಮಾತಿಗೆ ತಪ್ಪುವುದಿಲ್ಲ ಎಂದು ಸಭೆಯಲ್ಲಿ ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ. ಆದರೆ ಹಳೆಯ ಒಡಂಬಡಿಕೆಯಲ್ಲಿ ವಾಗ್ದಾನ ಪಡೆದ ಅನೇಕರು ಅದರ ನೆರವೇರಿಕೆಯನ್ನು ಕಾಣದೆಯೇ ತೀರಿಹೋದರು. ಇದನ್ನು ನಂಬಿಗಸ್ತಿಕೆ ಎಂದು ಹೇಗೆ ಕರೆಯುವುದು?

ಉತ್ತರ: ನೀವು ಗಮನಿಸಿರುವುದು ನಿಜ, ಹೀಬ್ರೂ ಗ್ರಂಥಗಳು ಅದನ್ನು ಎಲ್ಲಿಯೂ ಮುಚ್ಚಿಡುವುದಿಲ್ಲ. ಕಾನಾನ್ ದೇಶವನ್ನೆಲ್ಲ ನಿನ್ನ ಸಂತತಿಗೆ ಕೊಡುವೆನೆಂಬ ಮಾತನ್ನು ಪಡೆದಿದ್ದ ಅಬ್ರಹಾಮನು, ಹೆಂಡತಿ ಸಾರಳು ಸತ್ತಾಗ ಅವಳನ್ನು ಹೂಳಲು ಸ್ವಂತದ್ದೆಂಬ ಆರಡಿ ನೆಲವೂ ಇಲ್ಲದೆ, ಹಿತ್ತಿಯನಾದ ಎಫ್ರೋನನಿಗೆ 400 ಶೆಕೆಲ್ (ಆ ಕಾಲದ ಒಂದು ತೂಕ) ಬೆಳ್ಳಿಯನ್ನು ತೂಗಿಕೊಟ್ಟು ಮಕ್ಪೇಲದ ಗವಿಯನ್ನು ಕೊಳ್ಳಬೇಕಾಯಿತು. ಆದರೆ ಈ ವಿಳಂಬ ಅವನಿಗೆ ಅನಿರೀಕ್ಷಿತವಾಗಿರಲಿಲ್ಲ. ನಿನ್ನ ಸಂತತಿಯವರು ಪರದೇಶದಲ್ಲಿ ದಾಸರಾಗಿರುವರು, ನೀನಾದರೋ ಅದಕ್ಕೂ ಮೊದಲೇ ನಿನ್ನ ಪಿತೃಗಳನ್ನು ಸೇರುವೆ ಎಂದು ಆದಿಕಾಂಡದ 15ನೆಯ ಅಧ್ಯಾಯದಲ್ಲಿ ದೇವರೇ ಮುಂಚಿತವಾಗಿ ತಿಳಿಸಿದ್ದರು.

ನಂಬಿಗಸ್ತಿಕೆಗೆ ಹೀಬ್ರೂವಿನಲ್ಲಿರುವ ಒಂದು ಪದ ‘ಎಮುನಾ’. ನಾವು ಪ್ರಾರ್ಥನೆಯ ಕೊನೆಗೆ ಹೇಳುವ ‘ಆಮೆನ್’ ಅದೇ ಧಾತುವಿನದು. ಅಮಾಲೇಕ್ಯರೊಡನೆ ಯುದ್ಧ ನಡೆಯುತ್ತಿದ್ದಾಗ ಆರೋನನೂ ಹೂರನೂ ಆಚೆಈಚೆ ನಿಂತು ಆತುಕೊಂಡದ್ದರಿಂದ ಮೋಶೆಯ ಕೈಗಳು ಸೂರ್ಯ ಮುಳುಗುವ ತನಕ ಕದಲದೆ ನಿಂತವೆಂದು ಹೇಳುವಲ್ಲಿ ಬಳಕೆಯಾಗಿರುವುದೂ ಈ ಪದವೇ. ಬೇಗ ಮುಗಿಸುವುದಲ್ಲ, ಸಂಜೆಯವರೆಗೂ ಕೈ ಇಳಿಸದಿರುವುದು ಎಂಬ ಅರ್ಥಛಾಯೆಯನ್ನು ಇಲ್ಲಿ ನೋಡಬೇಕು.

ನಿಮ್ಮ ಪ್ರಶ್ನೆಗೆ ಅತ್ಯಂತ ಹತ್ತಿರದ ಉತ್ತರ ಇರುವುದು ಯೆರೆಮೀಯನ 32ನೆಯ ಅಧ್ಯಾಯದಲ್ಲಿ ಎಂದು ನನ್ನ ಭಾವನೆ. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಪಟ್ಟಣ ಬೀಳುವುದೆಂದು ಸಾರಿದ ತಪ್ಪಿಗೆ ಪ್ರವಾದಿಯು ಅರಸನ ಕಾರಾಗೃಹದ ಅಂಗಳದಲ್ಲಿ ಬಂಧಿಯಾಗಿದ್ದಾನೆ. ಅಲ್ಲಿಗೆ ಅವನ ತಂದೆಯ ಸೋದರನ ಮಗನಾದ ಹನಮೇಲನು ಬಂದು, ಅನಾತೋತಿನಲ್ಲಿರುವ ತನ್ನ ಹೊಲವನ್ನು ಕೊಂಡುಕೋ ಎನ್ನುತ್ತಾನೆ. ಯೆರೂಸಲೇಮಿಗೆ ಅಷ್ಟು ಸಮೀಪದ ಊರಿನ ಹೊಲಕ್ಕೆ ಆ ದಿನಗಳಲ್ಲಿ ಯಾರು ಬೆಲೆ ಕಟ್ಟುತ್ತಿದ್ದರು? ಯೆರೆಮೀಯನು 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ, ಪತ್ರ ಬರೆದು, ಸಾಕ್ಷಿ ಹಾಕಿಸಿ, ಮುದ್ರೆಯೊತ್ತಿದ ಪ್ರತಿಯನ್ನೂ ತೆರೆದ ಪ್ರತಿಯನ್ನೂ ಬಹುಕಾಲ ಉಳಿಯುವಂತೆ ಮಣ್ಣಿನ ಮಡಕೆಯಲ್ಲಿ ಇಡಲು ತನ್ನ ಲಿಪಿಕಾರನಾದ ಬಾರೂಕನಿಗೆ ಹೇಳುತ್ತಾನೆ. ಈ ದೇಶದಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳ ಕ್ರಯವಿಕ್ರಯ ಮತ್ತೆ ನಡೆಯುವುದೆಂಬುದೇ ಅವನಿಗೆ ದೊರೆತ ವಾಗ್ದಾನ. ಪತ್ರವನ್ನು ಕೊಟ್ಟ ಮೇಲೆ ಅವನು ಮಾಡಿದ ಪ್ರಾರ್ಥನೆಯಲ್ಲಿ ಗೊಂದಲವೂ ಇದೆ: ಪಟ್ಟಣ ಶತ್ರುಗಳ ಕೈಸೇರುತ್ತಿರುವಾಗ ಹೊಲ ಕೊಳ್ಳೆಂದು ಹೇಳಿದೆಯಲ್ಲಾ! ಆ ಮಾತನ್ನು ಯಾರೂ ಅಳಿಸದೆ ಉಳಿಸಿಕೊಂಡು ಬಂದಿರುವುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಪಟ್ಟಣ ಬಿದ್ದಿತು. ಯೆರೆಮೀಯನನ್ನು ಐಗುಪ್ತಕ್ಕೆ ಕರೆದೊಯ್ದರು. ಆ ಹೊಲವನ್ನು ಅವನು ಉತ್ತನೆಂದು ಗ್ರಂಥ ಎಲ್ಲಿಯೂ ಹೇಳುವುದಿಲ್ಲ. ಆದರೆ ಕ್ರಿ.ಪೂ. 539ರಲ್ಲಿ ಪರ್ಷಿಯದ ಕೋರೆಷನು ಬಾಬೆಲನ್ನು ಗೆದ್ದ ಬಳಿಕ ಸೆರೆಯಿಂದ ಮರಳಿದವರ ಪಟ್ಟಿ ಎಜ್ರನ 2ನೆಯ ಅಧ್ಯಾಯದಲ್ಲಿದೆ. ಬರೀ ಹೆಸರು, ಸಂಖ್ಯೆಗಳೆಂದು ನಾವು ಸಾಮಾನ್ಯವಾಗಿ ದಾಟಿಹೋಗುವ ಆ ಪಟ್ಟಿಯ 23ನೆಯ ವಚನದಲ್ಲಿ ‘ಅನಾತೋತಿನವರು 128’ ಎಂದಿದೆ.

ಹಾಗಿದ್ದರೂ ಕಾಯುವವನ ನೋವನ್ನು ಗ್ರಂಥ ಹಗುರವಾಗಿ ಕಾಣುವುದಿಲ್ಲ. 89ನೆಯ ಕೀರ್ತನೆಯ ಮೊದಲ ಭಾಗ ದೇವರ ನಂಬಿಗಸ್ತಿಕೆಯನ್ನು ಹಾಡಿ ಹೊಗಳುತ್ತದೆ; 38ನೆಯ ವಚನದಿಂದ ದನಿ ಬದಲಾಗಿ, ದಾವೀದನಿಗೆ ನಿನ್ನ ಎಮುನಾದ ಮೇಲೆ ಆಣೆಯಿಟ್ಟ ಆ ಹಿಂದಿನ ಕೃಪೆ ಎಲ್ಲಿ ಎಂದು 49ನೆಯ ವಚನ ನೇರವಾಗಿ ಕೇಳುತ್ತದೆ. ನೀವು ಕೇಳಿದ ಪ್ರಶ್ನೆಯೂ ಅದೇ. ಅದನ್ನು ಪ್ರಾರ್ಥನೆಯಲ್ಲಿ ಕೇಳಲು ಹಿಂಜರಿಯಬೇಡಿ.