ತಿಂಗಳಿಗೊಮ್ಮೆ ಬರುವ ಉರಿಮೂತ್ರ

ಆಕೆಯ ಊರು ಶಿಡ್ಲಘಟ್ಟದ ಕಡೆ. ವಯಸ್ಸು ಮೂವತ್ತರ ಆಸುಪಾಸು, ಸಿಸೇರಿಯನ್ ಆಗಿ ಹುಟ್ಟಿದ ಒಂದು ಮಗು, ಕೆಲಸ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ನನ್ನ ಹತ್ತಿರ ಸಲಹೆಗೆ ಬಂದದ್ದು ಗಂಡ ಹೆಂಡತಿ ಜಗಳ ಅಂತ. ಹತ್ತಿರ ಹೋದರೆ ಸಿಡುಕುತ್ತಾಳೆ ಅನ್ನೋದು ಗಂಡನ ದೂರು. ಗಂಡನನ್ನು ಹೊರಗೆ ಕೂರಿಸಿ ಆಕೆಯನ್ನು ಕೇಳಿದೆ. ಕೂಡುವಾಗ ನೋವು, ಒಂದಕ್ಕೆ ಹೋದರೆ ಕಿಬ್ಬೊಟ್ಟೆ ಹಿಂಡುತ್ತದೆ, ಉರಿ, ಮತ್ತೆ ಮತ್ತೆ ಹೋಗಬೇಕು. ಕೆಲಸದ ಜಾಗದಲ್ಲಿ ಶೌಚಾಲಯ ದೂರ, ಹಾಗಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಅತ್ತೆ ಉಷ್ಣ ಅಂದು ಬಾರ್ಲಿ ನೀರು ಕೊಟ್ಟರು. ಮೆಡಿಕಲ್ ಸ್ಟೋರಿನ ಆಂಟಿಬಯಾಟಿಕ್ ಬೇರೆ. "ನಾಲ್ಕೈದು ದಿನಕ್ಕೆ ಹೋಗುತ್ತೆ ಮೇಡಂ, ಮುಂದಿನ ತಿಂಗಳು ಮತ್ತೆ ಶುರು."

ತಿಂಗಳು ಅಂದ ಕೂಡಲೇ ಮುಟ್ಟಿನ ಡೇಟ್ ಕೇಳಿದೆ. ಎರಡೂ ಒಂದೇ ಹೊತ್ತಿಗೆ! ಅಂದರೆ ಮಾತ್ರೆಯಿಂದ ವಾಸಿ ಆಗುತ್ತಿದ್ದುದಲ್ಲ, ಮುಟ್ಟು ಮುಗಿದಾಗ ತಾನಾಗೇ ಇಳಿಯುತ್ತಿತ್ತು. ಫೈಲಿನಲ್ಲಿದ್ದ ಮೂತ್ರದ ಕಲ್ಚರ್ (ರೋಗಾಣು ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ) ವರದಿಗಳಲ್ಲೂ ಸೋಂಕು ಇರಲಿಲ್ಲ.

ನಾನು ಡಾಕ್ಟರ್ ಅಲ್ಲ, ಕಾಯಿಲೆ ಇದೇ ಅನ್ನೋ ಹಾಗಿಲ್ಲ. ಆದರೆ ಮೂತ್ರಕೋಶದ ಎಂಡೋಮೆಟ್ರಿಯೋಸಿಸ್ ಅಂತ ಒಂದಿದೆ. ಅಪರೂಪ, ಸಿಸೇರಿಯನ್ ಆದವರಲ್ಲಿ ಕೆಲವೊಮ್ಮೆ ಕಾಣುತ್ತದೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಮೂತ್ರಕೋಶದ ಗೋಡೆಯಲ್ಲಿ ಗಂಟಿನಂತೆ ಬೆಳೆದು, ಮುಟ್ಟಿನ ಹಾರ್ಮೋನುಗಳಿಗೆ ಅದೂ ಕೆರಳುತ್ತದೆ. ಕೆಲವರಿಗೆ ಮೂತ್ರದಲ್ಲೂ ರಕ್ತ ಬರುತ್ತದೆ, ಮುಟ್ಟಿನ ದಿನ ಆದ್ದರಿಂದ ಗೊತ್ತೇ ಆಗಲ್ಲ. ಇದು ಕ್ಯಾನ್ಸರ್ ಅಲ್ಲ ಅಂತ ಮೊದಲೇ ಹೇಳಿದೆ, ಆ ಭಯ ಮುಖದಲ್ಲೇ ಕಾಣುತ್ತಿತ್ತು.

ಇಷ್ಟರೊಳಗೆ ನೆಂಟರೊಬ್ಬರು "ಗರ್ಭಕೋಶ ತೆಗೆಸಿಬಿಡು" ಅಂದಿದ್ದರಂತೆ. ನಮ್ಮ ಕಡೆ ಈ ಮಾತು ಹುಳುಕು ಹಲ್ಲು ಕೀಳಿಸಿದಷ್ಟು ಸಲೀಸು. ಗಂಟು ಮೂತ್ರಕೋಶದಲ್ಲಿದ್ದರೆ ಗರ್ಭಕೋಶ ತೆಗೆದರೂ ಅದು ಅಲ್ಲೇ ಇರುತ್ತದೆ, ಅಂಡಾಶಯ ಇರುವ ತನಕ ಹಾರ್ಮೋನೂ ಸಿಗುತ್ತಿರುತ್ತದೆ, ಹೆದರಿ ಅದನ್ನೂ ತೆಗೆಸಿದರೆ ಈ ವಯಸ್ಸಿಗೇ ಮುಟ್ಟು ನಿಂತು ಮೂಳೆ ಸವೆಯತೊಡಗುತ್ತದೆ. ಇದನ್ನು ಗಂಡನನ್ನೂ ಒಳಗೆ ಕರೆದು ಎರಡೆರಡು ಸಲ ಹೇಳಿದೆ.

ಕೊಟ್ಟ ಸಲಹೆ ಇಷ್ಟು. ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನ, ಉರಿಯ ದಿನ ಎರಡನ್ನೂ ಗುರುತು ಹಾಕಿ. ಕೇಳದೆ ಆಂಟಿಬಯಾಟಿಕ್ ನುಂಗಬೇಡಿ, ಆದರೆ ಜ್ವರ, ಚಳಿ, ಬೆನ್ನುನೋವು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ. ನೀರು ಕುಡಿಯಿರಿ. ಸ್ತ್ರೀರೋಗ ತಜ್ಞರ ಹತ್ತಿರ "ಉರಿಮೂತ್ರ" ಅಂತಷ್ಟೇ ಹೇಳಿದರೆ ಮತ್ತದೇ ಮಾತ್ರೆ ಬರೀತಾರೆ, "ಮುಟ್ಟಿನ ಜೊತೆಗೇ ಬರುತ್ತೆ, ಕಲ್ಚರ್‌ನಲ್ಲಿ ಏನೂ ಇಲ್ಲ, ಸಿಸೇರಿಯನ್ ಆಗಿದೆ" ಅಂತ ಮೂರನ್ನೂ ಹೇಳಿ. ಯೋನಿಯ ಮೂಲಕ ಸ್ಕ್ಯಾನ್ ಮಾಡುವಾಗ ಮೂತ್ರಕೋಶದಲ್ಲಿ ಸ್ವಲ್ಪ ಮೂತ್ರ ಇದ್ದರೆ ಗಂಟು ಚೆನ್ನಾಗಿ ಕಾಣುತ್ತದೆ. ಕಿಡ್ನಿಯನ್ನೂ ನೋಡಿಸಿ, ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವ ನಾಳ ಒತ್ತಿಹೋದರೆ ನೋವಿಲ್ಲದೇ ಕಿಡ್ನಿ ಹಾಳಾಗಬಹುದು. ನೋವಿರುವಾಗ ಕೂಡುವುದು ಬೇಡ, ಅದು ಸಿಡುಕಲ್ಲ ಅಂತ ಗಂಡನಿಗೂ ಹೇಳಿದೆ.

ಸ್ಕ್ಯಾನಿನಲ್ಲಿ ಗಂಟು ಕಂಡಿತು, ಎಂಆರ್‌ಐ ಕೂಡ ಅದನ್ನೇ ಹೇಳಿತು. ಡಾಕ್ಟರ್ ಡೈನೋಜೆಸ್ಟ್ ಅನ್ನೋ ಹಾರ್ಮೋನ್ ಮಾತ್ರೆ ಶುರು ಮಾಡಿದ್ದಾರೆ. ಇದರಿಂದ ಆಗದಿದ್ದರೆ ಮೂತ್ರಕೋಶದ ಆ ಭಾಗವನ್ನಷ್ಟೇ ತೆಗೆಯುವ ಆಪರೇಷನ್ ಇದೆ. ಮಗು ಬೇಕಾದರೆ ಈ ಮಾತ್ರೆ ನಿಲ್ಲಿಸಬೇಕು, ಹಾಗಾಗಿ ಎರಡನೇ ಮಗು ಯಾವಾಗ ಅನ್ನೋ ಮಾತು ಈಗ ಮನೆಯಲ್ಲಿ ಎದ್ದಿದೆ. ಮುಂದಿನ ಸಲ ಇಬ್ಬರೇ ಬನ್ನಿ, ಅತ್ತೆಯನ್ನು ಕರೆತರಬೇಡಿ ಅಂದಿದ್ದೇನೆ.